ನೀರಿನೊಳಗೆ ಇಳಿದ ಕ್ಯಾಮೆರಾ, ಕಡಲಿನ ಮೇಲೆ ಹುಟ್ಟಿದ ಅಕ್ಕರೆ

ಬೆಂಗಳೂರಿನ ಯಾವುದಾದರೂ ದೊಡ್ಡ ಟಿವಿ ಅಂಗಡಿಗೆ ಹೋಗಿ ನೋಡಿ. ಗೋಡೆ ತುಂಬ ಸಾಲಾಗಿ ಇಟ್ಟಿರುವ ಪರದೆಗಳಲ್ಲಿ ಒಂದೆರಡರಲ್ಲಾದರೂ ಕಡಲಿನ ಒಳಗಿನ ದೃಶ್ಯ ಓಡುತ್ತಿರುತ್ತದೆ. ಹವಳದ ಸಂದಿಯಲ್ಲಿ ಕಿತ್ತಳೆ ಬಣ್ಣದ ಮೀನು, ನಿಧಾನವಾಗಿ ತೋಳು ಬೀಸುತ್ತ ಸಾಗುವ ಆಮೆ, ಮೇಲಿಂದ ಇಳಿಯುವ ಬಿಸಿಲಿನ ಕೋಲುಗಳು. ಪರದೆಯ ಬಣ್ಣ ಎಷ್ಟು ಚೆನ್ನಾಗಿದೆ ಎಂದು ತೋರಿಸಲು ಅಂಗಡಿಯವರಿಗೆ ಇದಕ್ಕಿಂತ ಒಳ್ಳೆಯ ವಿಡಿಯೊ ಸಿಗುವುದಿಲ್ಲ. ಕೊಳ್ಳಲು ಬಂದವರೂ ಬೆಲೆ ಕೇಳುವುದನ್ನು ಬಿಟ್ಟು ಅಲ್ಲೇ ಎರಡು ನಿಮಿಷ ನಿಂತುಬಿಡುತ್ತಾರೆ.

ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಕಡಲು ಸಿಗಬೇಕಾದರೆ ರಸ್ತೆಯಲ್ಲಿ 300 ಕಿಲೋಮೀಟರ್‌ಗಿಂತ ಜಾಸ್ತಿ ಹೋಗಬೇಕು. ಮಲ್ಪೆಗೋ ಗೋಕರ್ಣಕ್ಕೋ ಹೋದಾಗಲೂ ಹೆಚ್ಚಿನವರು ಮೊಣಕಾಲುದ್ದ ನೀರಿನಲ್ಲಿ ನಿಂತು, ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತೇವೆ. ಆದರೂ ತಿಮಿಂಗಿಲ ಹಾಡುತ್ತದೆ, ಆಕ್ಟೋಪಸ್ ಬಣ್ಣ ಬದಲಾಯಿಸುತ್ತದೆ, ನೀರು ಬಿಸಿಯಾದರೆ ಹವಳ ಬಿಳಿಚಿಕೊಳ್ಳುತ್ತದೆ ಎಂದು ಬಸವನಗುಡಿಯ ಹೈಸ್ಕೂಲು ಮಕ್ಕಳಿಗೂ ಗೊತ್ತು. ನೂರೈವತ್ತು ವರ್ಷದ ಹಿಂದೆ ಕಡಲಿನ ಜೀವಿ ಎಂದರೆ ಬಲೆಯಲ್ಲಿ ಬಂದದ್ದು, ದಡಕ್ಕೆ ಬಿದ್ದದ್ದು, ಇಲ್ಲವೇ ಮ್ಯೂಸಿಯಂನ ಸೀಸೆಯಲ್ಲಿ ಇದ್ದದ್ದು. ಹೆಚ್ಚಾಗಿ ಸತ್ತದ್ದೇ. ಅದು ಬದುಕಿರುವಾಗ, ತನ್ನ ಮನೆಯಲ್ಲಿ ಹೇಗಿರುತ್ತದೆ ಎಂಬುದನ್ನು ಜನರಿಗೆ ತೋರಿಸಿದ್ದು ಕ್ಯಾಮೆರಾ.

ಆ ಕ್ಯಾಮೆರಾ ನೀರಿಗೆ ಇಳಿದದ್ದು ಹೇಗೆ, ಅದರಿಂದ ಜನರ ಮನಸ್ಸು ಬದಲಾದದ್ದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಜೊತೆಗೆ ನನ್ನದೊಂದು ಮಾತೂ ಇದೆ. ಕ್ಯಾಮೆರಾ ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲಿಗೇ ಹೋಯಿತು. ನಮ್ಮ ಅಕ್ಕರೆಯೂ ಅದರ ಹಿಂದೆಯೇ ಹೋಯಿತು. ನಮಗೆ ಅನ್ನ ಕೊಡುವ, ನಮ್ಮದೇ ಕರಾವಳಿಯ ಕಡಲು ಹಾಗಾಗಿ ಪರದೆಯ ಹೊರಗೇ ಉಳಿಯಿತು.

ಮೊದಲು, ನೀರಿನೊಳಗೆ ಚಿತ್ರೀಕರಣ ಯಾಕಷ್ಟು ಕಷ್ಟ ಎಂಬುದು ಗೊತ್ತಾಗಬೇಕು. ಕ್ಯಾಮೆರಾಗೆ ನೀರು ತಾಗದ ಪೆಟ್ಟಿಗೆ ಮಾಡಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಅದು ಚಿಕ್ಕ ಸಮಸ್ಯೆ. ದೊಡ್ಡ ಸಮಸ್ಯೆ ಬೆಳಕಿನದು.

ನೀರು ಬೆಳಕನ್ನು ತಿನ್ನುತ್ತದೆ, ಅದೂ ಒಂದೊಂದು ಬಣ್ಣವನ್ನು ಒಂದೊಂದು ಆಳದಲ್ಲಿ. ಮೊದಲು ಹೋಗುವುದು ಕೆಂಪು. ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಂಕಾಗುತ್ತದೆ, ಹತ್ತು ಮೀಟರ್ ದಾಟಿದರೆ ಬಹುಪಾಲು ಇಲ್ಲವೇ ಇಲ್ಲ. ಆಮೇಲೆ ಕಿತ್ತಳೆ, ಹಳದಿ. ಎಲ್ಲಕ್ಕಿಂತ ಆಳಕ್ಕೆ ಹೋಗುವುದು ನೀಲಿ. ಇಪ್ಪತ್ತು ಮೀಟರ್ ಆಳದಲ್ಲಿ ಡೈವರ್ ಒಬ್ಬನ ಬೆರಳು ಹವಳಕ್ಕೆ ತಗುಲಿ ಕುಯ್ದುಕೊಂಡಿತು ಎಂದಿಟ್ಟುಕೊಳ್ಳಿ. ಹೊರಬರುವ ರಕ್ತ ಅವನ ಕಣ್ಣಿಗೆ ಹಸಿರಾಗಿ, ಕಪ್ಪಾಗಿ ಕಾಣುತ್ತದೆ. ರಕ್ತದ ಬಣ್ಣ ಬದಲಾಗಿಲ್ಲ, ಅದನ್ನು ಕೆಂಪಾಗಿ ತೋರಿಸುವ ಬೆಳಕು ಅಲ್ಲಿಗೆ ಮುಟ್ಟಿಲ್ಲ ಅಷ್ಟೆ. ಅಂಗಡಿಯ ಪರದೆಯಲ್ಲಿ ಕಾಣುವ ಆ ಕಡುಗೆಂಪು ಹವಳವೂ ಹಾಗೆಯೇ. ಅಲ್ಲಿ ಬರಿಗಣ್ಣಿಗೆ ಅದು ಬೂದಿ ನೀಲಿ. ಕ್ಯಾಮೆರಾದವರು ಹತ್ತಿರದಿಂದ ದೀಪ ಹಿಡಿದಾಗ ಮಾತ್ರ ಅದರ ಬಣ್ಣ ಎದ್ದುಬರುತ್ತದೆ.

ಇನ್ನೊಂದು ವಿಷಯ ಇದೆ. ಬೆಳಕು ಮೇಲಿಂದ ಕೆಳಕ್ಕೆ ಬರುವಾಗ ಮಾತ್ರವಲ್ಲ, ಮೀನಿನಿಂದ ಲೆನ್ಸಿಗೆ ಅಡ್ಡಡ್ಡ ಬರುವಾಗಲೂ ನೀರು ಅದನ್ನು ಕುಡಿಯುತ್ತದೆ. ಅದಕ್ಕೇ ಜೂಮ್ ಮಾಡಿ ದೂರದಿಂದ ತೆಗೆಯುವ ಆಟ ಇಲ್ಲಿ ನಡೆಯುವುದಿಲ್ಲ. ಬಂಡೀಪುರದಲ್ಲಿ ಹುಲಿಯ ಫೋಟೊವನ್ನು ಜೀಪಿನಿಂದಲೇ ತೆಗೆಯಬಹುದು. ಕಡಲಿನಲ್ಲಿ ಪ್ರಾಣಿಯ ಪಕ್ಕಕ್ಕೇ ಹೋಗಬೇಕು, ಅಗಲ ನೋಟದ ಲೆನ್ಸ್ ಹಾಕಬೇಕು. ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಸಣ್ಣ ಕಣಗಳು ತೇಲುತ್ತಿರುತ್ತವೆ. ದೀಪವನ್ನು ಲೆನ್ಸಿನ ಪಕ್ಕದಲ್ಲೇ ಇಟ್ಟರೆ, ಮಂಜು ಕವಿದ ನಂದಿಬೆಟ್ಟದ ರಸ್ತೆಯಲ್ಲಿ ಹೈ ಬೀಮ್ ಹಾಕಿದ ಹಾಗಾಗುತ್ತದೆ. ಕಣಗಳೆಲ್ಲ ಹೊಳೆದು ಮೀನು ಕಾಣದೆ ಹೋಗುತ್ತದೆ. ಅದಕ್ಕೆ ದೀಪಗಳನ್ನು ಉದ್ದ ಕೈಗಳಿಗೆ ಸಿಕ್ಕಿಸಿ, ಎರಡೂ ಬದಿಯಿಂದ ಓರೆಯಾಗಿ ಬೆಳಕು ಬೀಳುವ ಹಾಗೆ ಹಿಡಿಯುತ್ತಾರೆ.

ನೀರಿನಿಂದ ಗಾಜು ದಾಟಿ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಚಪ್ಪಟೆ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರ ಇದ್ದಂತೆ ಕಾಣುತ್ತದೆ. ಇದನ್ನು ಸರಿಮಾಡಲು ಪೆಟ್ಟಿಗೆಯ ಮುಂದೆ ಅರ್ಧಗೋಳದ ಗಾಜು ಹಾಕುತ್ತಾರೆ. ಡೈವರ್‌ಗಳು ಅದನ್ನು ಡೋಮ್ ಎನ್ನುತ್ತಾರೆ. ಉಸಿರು ಬಿಟ್ಟಾಗ ಬರುವ ಗುಳ್ಳೆಗಳ ಸದ್ದಿಗೆ ಮೀನುಗಳು ಓಡಿಹೋಗುತ್ತವೆ. ಅದಕ್ಕೆ ಬಿಟ್ಟ ಉಸಿರನ್ನೇ ಶುದ್ಧಮಾಡಿ ಮತ್ತೆ ಕೊಡುವ ರೀಬ್ರೀದರ್ ಬೇಕು. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 200 ಮೀಟರ್ ಕೆಳಗೆ ಬೆಳಕು ತೀರಾ ಕಮ್ಮಿ, 1,000 ಮೀಟರ್ ಕೆಳಗೆ ಬಿಸಿಲಿನ ಸುಳಿವೇ ಇಲ್ಲ. ಸಮುದ್ರದ ಸರಾಸರಿ ಆಳವೋ 3,700 ಮೀಟರ್ ಹತ್ತಿರ. ಅಂದರೆ ನಾವು ಪರದೆಯಲ್ಲಿ ನೋಡಿ ಬೆರಗಾದ ಕಡಲೆಲ್ಲ ಬಹುಪಾಲು ಅದರ ಮೇಲಿನ ತೆಳು ಪದರ ಮಾತ್ರ.

ಇಷ್ಟೆಲ್ಲ ಅಡ್ಡಿ ಇದ್ದರೂ ಜನ ಬಿಡಲಿಲ್ಲ. 1893ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್, ಬಾನ್ಯೂಲ್ಸ್ ಎಂಬ ಕಡಲೂರಿನಲ್ಲಿ ಭಾರದ ಡೈವಿಂಗ್ ಉಡುಪು ತೊಟ್ಟು ಇಳಿದು ಸ್ಥಿರಚಿತ್ರ ತೆಗೆದರು. ಚಲನಚಿತ್ರ ಬಂದದ್ದು 1914ರಲ್ಲಿ. ಅಮೆರಿಕದ ಜಾನ್ ಅರ್ನೆಸ್ಟ್ ವಿಲಿಯಮ್‌ಸನ್ ಎಂಬಾತ ದೋಣಿಯಿಂದ ಕೆಳಕ್ಕೆ ಒಂದು ಬಾಗುವ ಲೋಹದ ಕೊಳವೆ ಇಳಿಬಿಟ್ಟ. ಅದರ ತುದಿಯಲ್ಲಿ ಗಾಜಿನ ಕಿಟಕಿ ಇರುವ ಉಕ್ಕಿನ ಗೋಳ. ಆತ ಒಳಗೆ ಕೂತು ಬಹಾಮಾಸ್ ದ್ವೀಪಗಳ ತಿಳಿನೀರನ್ನು ಚಿತ್ರೀಕರಿಸಿದ. ಜನರಿಗೆ ರೋಮಾಂಚನ ಬೇಕೆಂದು ಶಾರ್ಕ್ ಒಂದನ್ನು ಚಾಕುವಿನಿಂದ ಕೊಲ್ಲುವ ದೃಶ್ಯವನ್ನೂ ತೆಗೆದ. ಬಹಾಮಾಸ್ ಎಂಬುದನ್ನು ಗಮನಿಸಿ. ನೀರು ತಿಳಿಯಾಗಿರುವ ಜಾಗ ಹುಡುಕಿಕೊಂಡು ಹೋಗುವ ಅಭ್ಯಾಸ ಮೊದಲ ಸಿನಿಮಾದಿಂದಲೇ ಶುರುವಾಗಿದೆ.

ಫ್ರಾನ್ಸಿನ ಝಾನ್ ಪಾನ್‌ಲೆವೆ ಬೇರೆ ದಾರಿ ಹಿಡಿದರು. 1930ರ ದಶಕದಲ್ಲಿ ಕಡಲ್ಗುದುರೆಯ ಬಗ್ಗೆ ಚಿಕ್ಕ ಚಿತ್ರವೊಂದನ್ನು, ಬಹುಪಾಲು ಗಾಜಿನ ತೊಟ್ಟಿಯಲ್ಲಿಟ್ಟು ತೆಗೆದರು. ಕಡಲ್ಗುದುರೆಯಲ್ಲಿ ಮರಿ ಹೊರುವುದು ಗಂಡು. ಆ ಪುಟಾಣಿ ಗಂಡು ನೋವಿನಿಂದ ಬಾಗಿ ಬಾಗಿ, ಹೊಟ್ಟೆಯ ಚೀಲದಿಂದ ಮರಿಗಳನ್ನು ಹೊರಹಾಕುವುದನ್ನು ಜನ ದೊಡ್ಡ ಪರದೆಯ ಮೇಲೆ ನೋಡಿದರು. ಅಲ್ಲಿ ಬೇಟೆ ಇಲ್ಲ, ಹೊಡೆದಾಟ ಇಲ್ಲ. ಒಂದು ಜೀವಿಯ ಪಾಡು ಮಾತ್ರ ಇದೆ. ನನಗೆ ಇದೇ ಆ ಕಾಲದ ಅತಿ ಮುಖ್ಯ ಚಿತ್ರ ಅನಿಸುತ್ತದೆ. ಮೀನನ್ನು ಒಂದು ಪಾತ್ರವಾಗಿ ನೋಡುವುದನ್ನು ಅದು ಕಲಿಸಿತು.

ನಿಜವಾದ ತಿರುವು 1943ರಲ್ಲಿ. ಎರಡನೇ ಮಹಾಯುದ್ಧದ ನಡುವೆ, ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನಲ್ಲಿ, ನೌಕಾಪಡೆಯ ಅಧಿಕಾರಿ ಝಾಕ್ ಕೂಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಸೇರಿ ಆಕ್ವಾ ಲಂಗ್ ಎಂಬ, ಬೆನ್ನಿಗೆ ಹೊತ್ತುಕೊಂಡೇ ಉಸಿರಾಡುವ ಸಾಧನ ಮಾಡಿದರು. ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಕಾರುಗಳನ್ನು ಗ್ಯಾಸಿನಿಂದ ಓಡಿಸಲು ಗಾನ್ಯಾ ಒಂದು ರೆಗ್ಯುಲೇಟರ್ ಮಾಡಿದ್ದರು. ಅದನ್ನೇ ಮಾರ್ಪಡಿಸಿ, ಡೈವರ್ ಉಸಿರು ಎಳೆದಾಗ ಮಾತ್ರ, ಸುತ್ತಲಿನ ಒತ್ತಡಕ್ಕೆ ತಕ್ಕಷ್ಟು ಗಾಳಿ ಬಿಡುವ ಹಾಗೆ ಮಾಡಿದರು. ಮೇಲಿನ ದೋಣಿಗೂ ಡೈವರಿಗೂ ಇದ್ದ ಕೊಳವೆಯ ನಂಟು ಕಡಿದುಹೋಯಿತು. ಕ್ಯಾಮೆರಾ ಹಿಡಿದವನು ಈಗ ಮೀನಿನ ಜೊತೆ ಮೀನಾಗಿ ತಿರುಗಬಹುದು. ಅದೇ ಹೊತ್ತಿಗೆ ಆಸ್ಟ್ರಿಯದ ಹನ್ಸ್ ಹಾಸ್ ಕೂಡ ಈ ಕೆಲಸದಲ್ಲಿದ್ದರು. ಅವರ ಹೆಂಡತಿ ಲೊಟ್ಟೆ ಹಾಸ್ ಅವರೂ ಕ್ಯಾಮೆರಾ ಹಿಡಿದು ಕಡಲಿಗಿಳಿದವರೇ.

ಕೂಸ್ತೊ 1950ರಲ್ಲಿ ಕಲಿಪ್ಸೊ ಎಂಬ ಹಳೇ ಹಡಗನ್ನು ಹಿಡಿದರು. ಯುದ್ಧಕಾಲದಲ್ಲಿ ಕಡಲಿನ ಸಿಡಿಗುಂಡುಗಳನ್ನು ತೆಗೆಯಲು ಕಟ್ಟಿದ ಹಡಗು ಅದು. 1956ರಲ್ಲಿ ನಿರ್ದೇಶಕ ಲೂಯಿ ಮಾಲ್ ಜೊತೆ ಸೇರಿ ಮಾಡಿದ ‘ದಿ ಸೈಲೆಂಟ್ ವರ್ಲ್ಡ್’ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು, ಆಮೇಲೆ ಆಸ್ಕರ್ ಕೂಡ ಬಂತು. ಸಾಕ್ಷ್ಯಚಿತ್ರವೊಂದಕ್ಕೆ ಕಾನ್‌ನಲ್ಲಿ ಮತ್ತೆ ಆ ಪ್ರಶಸ್ತಿ ಸಿಗಲು 2004ರವರೆಗೆ ಕಾಯಬೇಕಾಯಿತು.

ಈ ಚಿತ್ರವನ್ನು ಇವತ್ತು ನೋಡಿದರೆ ಮೈ ಜುಮ್ಮೆನ್ನುತ್ತದೆ. ಬಣ್ಣ, ಚೆಲುವು ಎಲ್ಲ ಇದೆ. ಆದರೆ ಒಂದು ದೃಶ್ಯದಲ್ಲಿ ಮೀನುಗಳ ಲೆಕ್ಕ ತೆಗೆಯಲೆಂದು ಹವಳದ ದಿಬ್ಬಕ್ಕೆ ಡೈನಮೈಟ್ ಇಡುತ್ತಾರೆ. ಇನ್ನೊಂದರಲ್ಲಿ ತಿಮಿಂಗಿಲದ ಮರಿಯೊಂದು ಹಡಗಿನ ಪ್ರೊಪೆಲ್ಲರ್‌ಗೆ ಸಿಕ್ಕಿ ಗಾಯಗೊಳ್ಳುತ್ತದೆ. ಅದರ ರಕ್ತದ ವಾಸನೆಗೆ ಶಾರ್ಕ್‌ಗಳು ಮುತ್ತುತ್ತವೆ. ಆಗ ಹಡಗಿನವರು ಸಿಟ್ಟಿನಿಂದ ಆ ಶಾರ್ಕ್‌ಗಳನ್ನು ಕೊಕ್ಕೆ ಹಾಕಿ ಮೇಲೆಳೆದು, ಡೆಕ್ಕಿನ ಮೇಲೇ ಬಡಿದು ಕೊಲ್ಲುತ್ತಾರೆ. ಇದನ್ನೆಲ್ಲ ಅವರು ಮುಚ್ಚಿಡಲಿಲ್ಲ, ಹೆಮ್ಮೆಯಿಂದ ತೋರಿಸಿದರು. 1956ರ ಪ್ರೇಕ್ಷಕರು ಆ ಚಿತ್ರವನ್ನು ತಲೆಮೇಲೆ ಹೊತ್ತುಕೊಂಡರು. ಇವತ್ತು ಅದೇ ದೃಶ್ಯ ಬಂದರೆ ಎಂಟು ವರ್ಷದ ಮಗುವೂ ‘ಅಯ್ಯೋ, ಬೇಡ’ ಎನ್ನುತ್ತದೆ. ಆ ‘ಬೇಡ’ ಎಲ್ಲಿಂದ ಬಂತು? ನಡುವಿನ ಎಪ್ಪತ್ತು ವರ್ಷ ನಾವು ನೋಡಿದ ಚಿತ್ರಗಳಿಂದಲೇ, ಅದರಲ್ಲೂ ಕೂಸ್ತೊ ಆಮೇಲೆ ಮಾಡಿದ ಚಿತ್ರಗಳಿಂದಲೇ ಬಹುಪಾಲು ಬಂತು ಎಂಬುದು ನನ್ನ ನಂಬಿಕೆ.

ಯಾಕೆಂದರೆ ಆತ ಕೂಡ ಬದಲಾದರು. ಅದೇ ಜಾಗಗಳಿಗೆ ಮತ್ತೆ ಮತ್ತೆ ಇಳಿದವರಿಗೆ ಕಡಲು ಬಡವಾಗುತ್ತಿರುವುದು ಮೊದಲು ಕಾಣುತ್ತದೆ. 1960ರಲ್ಲಿ ಫ್ರಾನ್ಸಿನ ಅಣುಶಕ್ತಿ ಸಂಸ್ಥೆ ವಿಕಿರಣ ತ್ಯಾಜ್ಯವನ್ನು ಮೆಡಿಟರೇನಿಯನ್ ಕಡಲಿಗೆ ಸುರಿಯಲು ಹೊರಟಾಗ ಕೂಸ್ತೊ ಎದುರು ನಿಂತರು. ಜನರೂ ಬೀದಿಗಿಳಿದರು, ಯೋಜನೆ ನಿಂತಿತು. 1968ರಿಂದ ಅವರ ಟಿವಿ ಸರಣಿ ಅಮೆರಿಕದ ಮನೆಮನೆಗೆ ಬಂತು. ಕೆಂಪು ಉಣ್ಣೆ ಟೋಪಿಯ ಆ ಮುಖ ಎಷ್ಟು ಪರಿಚಿತವಾಯಿತೆಂದರೆ, 1990ರ ಹೊತ್ತಿಗೆ ಅಂಟಾರ್ಕ್ಟಿಕದಲ್ಲಿ ಗಣಿಗಾರಿಕೆ ಬೇಡ ಎಂದು ಅವರು ಸಹಿ ಸಂಗ್ರಹಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 1991ರ ಅಂತರರಾಷ್ಟ್ರೀಯ ಒಪ್ಪಂದ ಅಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು.

ಹಾಗಾದರೆ ಒಂದು ಚಿತ್ರ ನೋಡುಗರ ಮನಸ್ಸಿನಲ್ಲಿ ನಿಜವಾಗಿ ಏನು ಮಾಡುತ್ತದೆ? ಮೊದಲನೆಯದಾಗಿ ಅದು ಗುಂಪಿನಿಂದ ಒಂದನ್ನು ಬೇರೆ ಮಾಡಿ ತೋರಿಸುತ್ತದೆ. ‘ಮೀನು ಕಡಿಮೆಯಾಗುತ್ತಿದೆ’ ಎಂದರೆ ಯಾರಿಗೂ ಏನೂ ಅನಿಸುವುದಿಲ್ಲ. ಒಂದೇ ಒಂದು ಆಕ್ಟೋಪಸ್ ತನ್ನ ಮೈಗೆ ಚಿಪ್ಪುಗಳನ್ನು ಅಂಟಿಸಿಕೊಂಡು ಶಾರ್ಕಿನಿಂದ ಬಚ್ಚಿಟ್ಟುಕೊಳ್ಳುವುದನ್ನು ಕಂಡರೆ ಅದು ಬದುಕಲಿ ಅನಿಸುತ್ತದೆ. ಎರಡನೆಯದು ದನಿ. 1970ರಲ್ಲಿ ಅಮೆರಿಕದ ರೋಜರ್ ಪೇಯ್ನ್ ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡಿನ ಧ್ವನಿಮುದ್ರಿಕೆ ಹೊರತಂದರು. ಅದು ಸಿನಿಮಾ ಅಲ್ಲ, ಆದರೆ ಆಮೇಲೆ ಬಂದ ತಿಮಿಂಗಿಲ ಚಿತ್ರಗಳಿಗೆಲ್ಲ ಅದೇ ಜೀವ ಕೊಟ್ಟಿತು. ಎಣ್ಣೆ, ಮಾಂಸ ಎಂದು ಲೆಕ್ಕ ಹಾಕುತ್ತಿದ್ದ ಪ್ರಾಣಿ ರಾಗ ಕಟ್ಟಿ ಹಾಡುತ್ತದೆ ಎಂದು ಗೊತ್ತಾದ ಮೇಲೆ ಕೊಲ್ಲಲು ಕೈ ಬರುವುದು ಕಷ್ಟ, ಅಲ್ವಾ? ‘ತಿಮಿಂಗಿಲ ಉಳಿಸಿ’ ಚಳವಳಿ ದೊಡ್ಡದಾಯಿತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಯನ್ನು ನಿಲ್ಲಿಸುವ ತೀರ್ಮಾನ ಮಾಡಿತು.

ಕ್ಯಾಮೆರಾ ಕೆಟ್ಟದ್ದನ್ನೂ ಮಾಡಬಲ್ಲದು. 1975ರಲ್ಲಿ ಬಂದ ‘ಜಾಸ್’ ಎಂಬ ಕಥಾಚಿತ್ರ ಶಾರ್ಕ್ ಎಂದರೆ ರಾಕ್ಷಸ ಎಂಬ ಭಯವನ್ನು ಜಗತ್ತಿಗೆಲ್ಲ ಹಂಚಿತು. ಅದಕ್ಕೆ ಬೇಕಾದ ನಿಜವಾದ ಶಾರ್ಕ್ ದೃಶ್ಯಗಳನ್ನು ತೆಗೆದುಕೊಟ್ಟವರು ಆಸ್ಟ್ರೇಲಿಯದ ದಂಪತಿ ರಾನ್ ಮತ್ತು ವ್ಯಾಲರಿ ಟೇಲರ್. ಜನ ಇಷ್ಟು ಹೆದರಿದ್ದನ್ನು ಕಂಡು ಅವರಿಗೇ ಬೇಸರವಾಯಿತು. ಮುಂದೆ ಜೀವಮಾನವಿಡೀ ಶಾರ್ಕ್‌ಗಳ ಪರವಾಗಿ ಮಾತಾಡಿದರು, ಚಿತ್ರ ಮಾಡಿದರು.

ನಮ್ಮ ದೇಶದ ಕಥೆಗೆ ಬರೋಣ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಆದರೂ ಬೆಂಗಳೂರಿನಲ್ಲಿ ಇದರ ಬಗ್ಗೆ ಗೊತ್ತಿರುವವರು ಕಮ್ಮಿ.

ಗುಜರಾತಿನ ವೇರಾವಲ್ ಸುತ್ತಮುತ್ತಲ ಕಡಲಿಗೆ ತಿಮಿಂಗಿಲ ಶಾರ್ಕ್‌ಗಳು ಬರುತ್ತವೆ. ಹೆಸರು ತಿಮಿಂಗಿಲ, ಆದರೆ ಮೀನೇ. ಜಗತ್ತಿನ ಅತಿ ದೊಡ್ಡ ಮೀನು. ಹನ್ನೆರಡು ಮೀಟರಿಗೂ ಉದ್ದ ಬೆಳೆಯಬಹುದು, ಅಂದರೆ ಒಂದು ಬಿಎಂಟಿಸಿ ಬಸ್ಸಿನಷ್ಟು. ಬೆನ್ನಿನ ತುಂಬ ಬಿಳಿ ಚುಕ್ಕಿ. ಬಾಯಿ ತೆರೆದು ನೀರು ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಅಲ್ಲಿನ ಮೀನುಗಾರರು ಅದನ್ನು ‘ಬ್ಯಾರಲ್’ ಎನ್ನುತ್ತಿದ್ದರು. ಕಾರಣ, ಅದನ್ನು ಹಿಡಿಯುವ ರೀತಿ. ಕೊಕ್ಕೆ ಚುಚ್ಚಿ, ಹಗ್ಗಕ್ಕೆ ಖಾಲಿ ಬ್ಯಾರಲ್ ಕಟ್ಟಿ ಬಿಡುತ್ತಿದ್ದರು. ತೇಲುವ ಬ್ಯಾರಲ್ ಮೀನನ್ನು ಆಳಕ್ಕೆ ಇಳಿಯಲು ಬಿಡುವುದಿಲ್ಲ. ಎಳೆದು ಎಳೆದು ಅದು ಸುಸ್ತಾಗಿ ನಿಲ್ಲುತ್ತದೆ. ಅದರ ಪಿತ್ತಜನಕಾಂಗದ ಎಣ್ಣೆಯನ್ನು ಮರದ ದೋಣಿಗಳಿಗೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. ಆಮೇಲೆ ಮಾಂಸಕ್ಕೆ ಹೊರದೇಶದಿಂದ ಬೇಡಿಕೆ ಬಂದು ಬೇಟೆ ವಿಪರೀತವಾಯಿತು.

ಮೈಕ್ ಪಾಂಡೆ 2000ದಲ್ಲಿ ಇದರ ಬಗ್ಗೆ ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ದಡದಲ್ಲಿ ಬಿದ್ದಿರುವ ದೈತ್ಯ ಮೀನು, ಇನ್ನೂ ಉಸಿರಾಡುತ್ತಿರುವಾಗಲೇ ಅದನ್ನು ಕತ್ತರಿಸುವ ಜನ, ಅವರ ಹಿಂದಿನ ಬಡತನ ಎಲ್ಲವೂ ಅದರಲ್ಲಿವೆ. 2001ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಹುಲಿ, ಆನೆಗೆ ಇರುವ ರಕ್ಷಣೆಯೇ ಅದಕ್ಕೂ ಸಿಕ್ಕಿತು. ಆ ಕಾಯ್ದೆಯಡಿ ಜಾಗ ಪಡೆದ ಮೊದಲ ಮೀನು ಅದು.

ಕಾನೂನು ಬಂದಾಕ್ಷಣ ಮೀನುಗಾರನ ಮನಸ್ಸು ಬದಲಾಗುವುದಿಲ್ಲ. ಎಷ್ಟೋ ಜನರಿಗೆ ಕಾನೂನು ಬಂದದ್ದೇ ಗೊತ್ತಿರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಗುಜರಾತ್ ಅರಣ್ಯ ಇಲಾಖೆ ಊರೂರಲ್ಲಿ ಅಭಿಯಾನ ಶುರುಮಾಡಿದವು. ರಾಮಕಥೆ ಹೇಳುವ ಮೊರಾರಿ ಬಾಪು ಅದರ ಜೊತೆ ನಿಂತರು. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳು, ಅವಳನ್ನು ಕೊಲ್ಲುತ್ತೀರಾ ಎಂದು ಕೇಳಿದರು. ‘ಬ್ಯಾರಲ್’ ಹೋಗಿ ‘ವ್ಹಾಲಿ’ ಬಂತು, ಅಂದರೆ ನಮ್ಮ ಪ್ರೀತಿಯವಳು. ಬಲೆಗೆ ಸಿಕ್ಕಿದ ಮೀನನ್ನು ಬಿಡಲು ಬಲೆ ಕತ್ತರಿಸಿದರೆ ಅದಕ್ಕೆ ಪರಿಹಾರ ಕೊಡುವ ವ್ಯವಸ್ಥೆಯೂ ಆಯಿತು. ಅಲ್ಲಿಂದೀಚೆಗೆ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಮೀನುಗಾರರೇ ಬಿಟ್ಟಿದ್ದಾರೆ. ಮೊದಮೊದಲು ಅಧಿಕಾರಿಗಳು ಬಂದು ನೋಡುವ ತನಕ ಮೀನನ್ನು ಬಲೆಯಲ್ಲೇ ಇಟ್ಟುಕೊಂಡು ಕಾಯಬೇಕಿತ್ತು. ಅದು ಮೀನಿಗೂ ಕಷ್ಟ, ದೋಣಿಯವರಿಗೂ ಕಷ್ಟ. ಇದಕ್ಕೊಂದು ಉಪಾಯ ಮಾಡಿದರು. ಮೀನುಗಾರರ ಕೈಗೇ ನೀರು ತಾಗದ ಕ್ಯಾಮೆರಾ ಕೊಟ್ಟರು. ಬಲೆ ಕತ್ತರಿಸಿ, ಬಿಟ್ಟದ್ದರ ಚಿತ್ರ ತೆಗೆದು ತೋರಿಸಿದರೆ ಸಾಕು.

ಇಡೀ ಸರಪಣಿ ಇಲ್ಲಿ ಕಾಣುತ್ತದೆ. ಚಿತ್ರ ಬಂತು, ಅದರಿಂದ ದೆಹಲಿಯಲ್ಲಿ ಕಾನೂನು ಬಂತು. ಆದರೆ ವೇರಾವಲ್‌ನಲ್ಲಿ ಕೆಲಸ ಆಗಲು ಅಲ್ಲಿನ ಭಾಷೆಯಲ್ಲಿ ಆಡುವ ಒಬ್ಬರು, ಕೈಗೆ ಸಿಗುವ ಪರಿಹಾರ, ಮೀನುಗಾರನ ಮೇಲೆ ನಂಬಿಕೆ ಇವೆಲ್ಲ ಬೇಕಾದವು. ಚಿತ್ರ ಒಂದೇ ಇದ್ದಿದ್ದರೆ ದೂರದ ಊರಿನವರು ಕಣ್ಣೀರು ಹಾಕುತ್ತಿದ್ದರು, ಅಷ್ಟೆ.

ಇದಕ್ಕೆ ಸಾಕ್ಷಿ ಬೇಕಾದರೆ ‘ಬ್ಲೂ ಪ್ಲಾನೆಟ್ 2’ ನೋಡಿ. ಬಿಬಿಸಿಯ ಈ ಸರಣಿ 2017ರಲ್ಲಿ ಬಂತು. ಬ್ರಿಟನ್‌ನಲ್ಲಿ ಮೊದಲ ಕಂತನ್ನೇ ಸುಮಾರು 1 ಕೋಟಿ 40 ಲಕ್ಷ ಜನ ನೋಡಿದರು. ಸತ್ತ ಮರಿಯನ್ನು ಬಿಡಲಾರದೆ ಹೊತ್ತು ತಿರುಗುವ ಪೈಲಟ್ ತಿಮಿಂಗಿಲದ ದೃಶ್ಯ ಎಲ್ಲರನ್ನೂ ಅಲ್ಲಾಡಿಸಿತು. ಸರಣಿಯ ನಿರೂಪಕ ಡೇವಿಡ್ ಅಟೆನ್‌ಬರೊ ಅದನ್ನು ಕಡಲು ಸೇರುತ್ತಿರುವ ಪ್ಲಾಸ್ಟಿಕ್ ಮತ್ತು ವಿಷದ ಜೊತೆ ಜೋಡಿಸಿ ಮಾತಾಡಿದರು. ಪ್ಲಾಸ್ಟಿಕ್ ವಿರುದ್ಧ ದೊಡ್ಡ ಅಲೆಯೇ ಎದ್ದಿತು. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡ್ ಪ್ಲಾಸ್ಟಿಕ್ ಸ್ಟ್ರಾ, ಕಲಕುವ ಕಡ್ಡಿ, ಕಿವಿಗೆ ಹಾಕುವ ಹತ್ತಿಕಡ್ಡಿ ನಿಷೇಧಿಸಿತು. ಆದರೆ ಅದೇ ವರ್ಷ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಈ ಸರಣಿಯ ಕಂತು ತೋರಿಸಿ, ಇನ್ನು ಕೆಲವರಿಗೆ ಬೇರೇನೋ ತೋರಿಸಿ ಹೋಲಿಸಿದರು. ಸರಣಿ ನೋಡಿದವರ ತಿಳಿವಳಿಕೆ ಹೆಚ್ಚಿತ್ತು. ಪ್ಲಾಸ್ಟಿಕ್ ಕಟ್ಟಿನ ತಿಂಡಿ ಆರಿಸಿಕೊಳ್ಳುವ ಅಭ್ಯಾಸ ಮಾತ್ರ ಬದಲಾಗಿರಲಿಲ್ಲ.

ನನಗೆ ಇದರಲ್ಲಿ ನಿರಾಸೆ ಕಾಣುವುದಿಲ್ಲ. ಚಿತ್ರಗಳು ಒಬ್ಬೊಬ್ಬರ ಚಟ ಬಿಡಿಸುವುದಕ್ಕಿಂತ ಚೆನ್ನಾಗಿ, ಸರ್ಕಾರವೊಂದು ನಿಯಮ ತಂದಾಗ ಜನ ‘ಸರಿ’ ಎನ್ನುವ ಹವೆ ಕಟ್ಟುತ್ತವೆ. ನಮ್ಮ ಕರ್ನಾಟಕದಲ್ಲಿ ಪ್ಲಾಸ್ಟಿಕ್ ನಿಷೇಧ 2016ರಲ್ಲೇ ಬಂದಿದೆ, ಬ್ರಿಟನ್ನಿಗಿಂತ ಮೊದಲು. ಕೆ.ಆರ್. ಮಾರುಕಟ್ಟೆಯಲ್ಲಿ ತೆಳು ಕವರು ಇವತ್ತಿಗೂ ಓಡಾಡುತ್ತದೆ. ಕಾನೂನಿದೆ, ಅದರ ಬೆನ್ನಿಗೆ ಮನಸ್ಸು ಇಲ್ಲ. ಬೆಂಗಳೂರಿನ ಚರಂಡಿಗೂ ಕಡಲಿಗೂ ನಂಟಿದೆ ಎಂಬುದನ್ನು ನಾವು ಕಣ್ಣಾರೆ ಕಂಡಿಲ್ಲ. ವೃಷಭಾವತಿ ಅರ್ಕಾವತಿಗೆ ಸೇರಿ, ಅರ್ಕಾವತಿ ಕಾವೇರಿಗೆ ಸೇರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹರಿದದ್ದು ದಕ್ಷಿಣ ಪಿನಾಕಿನಿಯಲ್ಲಿ ತಮಿಳುನಾಡಿಗೆ ಹೋಗಿ, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಈ ದಾರಿಯನ್ನು ಕೆರೆಯಿಂದ ಕಡಲಿನವರೆಗೆ ಹಿಂಬಾಲಿಸುವ ಒಂದು ಕನ್ನಡ ಚಿತ್ರ ನೋಡಬೇಕೆಂದು ನನಗೆ ತುಂಬ ಆಸೆ.

ಭಾಷೆಯ ವಿಷಯ ಬಂದದ್ದಕ್ಕೆ ಅರ್ಜೆಂಟೀನಾದ ಮಾತು ಹೇಳಲೇಬೇಕು. 2025ರ ಜುಲೈ, ಆಗಸ್ಟಿನಲ್ಲಿ ಅಲ್ಲಿನ ವಿಜ್ಞಾನಿಗಳು ಕಡಲ ಸಂಶೋಧನಾ ಸಂಸ್ಥೆ ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್‌ನ ಹಡಗಿನಿಂದ ಮಾರ್ ಡೆಲ್ ಪ್ಲಾಟಾ ಕಡಲ ಕಣಿವೆಗೆ ರೋಬೋಟ್ ಇಳಿಸಿದರು, ಸಾವಿರಾರು ಮೀಟರ್ ಆಳಕ್ಕೆ. ಎಲ್ಲವೂ ಯೂಟ್ಯೂಬಿನಲ್ಲಿ ನೇರ ಪ್ರಸಾರ. ಸಂಗೀತ ಇಲ್ಲ, ಎಡಿಟಿಂಗ್ ಇಲ್ಲ. ವಿಜ್ಞಾನಿಗಳು ತಮ್ಮದೇ ಸ್ಪ್ಯಾನಿಷ್‌ನಲ್ಲಿ ಬೆರಗಾಗುತ್ತ, ನಗುತ್ತ ವಿವರಿಸುತ್ತಿದ್ದರು. ಒಂದೇ ಹೊತ್ತಿಗೆ ಹತ್ತಾರು ಸಾವಿರ ಜನ ನೋಡುತ್ತಿದ್ದರು. ಗುಂಡುಗುಂಡಾದ ಒಂದು ನಕ್ಷತ್ರಮೀನು ದೇಶಕ್ಕೆಲ್ಲ ಪ್ರಿಯವಾಗಿಬಿಟ್ಟಿತು. ನಮ್ಮಲ್ಲೂ ಕಡಲು ಬಲ್ಲವರಿಗೆ ಕೊರತೆ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಡಲಾಮೆಗಳ ಮೇಲೆ ಸಂಶೋಧನೆ ನಡೆದಿದೆ. ಅಂಡಮಾನ್, ಲಕ್ಷದ್ವೀಪಗಳಲ್ಲಿ ಕೆಲಸ ಮಾಡುವ ದಕ್ಷಿಣ್ ಫೌಂಡೇಷನ್ ಇರುವುದು ಬೆಂಗಳೂರಿನಲ್ಲೇ. ಅಂಥವರು ಕನ್ನಡದಲ್ಲಿ ಹೀಗೆ ಕೂತು ಮಾತಾಡಿದರೆ ಎಷ್ಟು ಚೆನ್ನಾಗಿರುತ್ತದೆ.

ಈಗ ನಮ್ಮ ಕರಾವಳಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ ಸಿಗುತ್ತದೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದು ಸ್ಕೂಬಾ ಮಾಡುವ ಹುಡುಗ ಹುಡುಗಿಯರು ಅಲ್ಲಿ ತುಂಬ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಅಪ್ಪು ಅಲ್ಲಿನ ನೀರಿಗೆ ಇಳಿದದ್ದನ್ನು ನೋಡಿದ ಮೇಲೆಯೇ ಎಷ್ಟೋ ಕನ್ನಡಿಗರಿಗೆ ನಮಗೂ ಹೀಗೊಂದು ಕಡಲಿದೆ ಎಂದು ಗೊತ್ತಾಯಿತು. ಆದರೆ ನೇತ್ರಾಣಿ ಒಂದು ಚುಕ್ಕಿ ಮಾತ್ರ. ಕಾರವಾರದಿಂದ ಮಂಗಳೂರಿನವರೆಗೆ ದಡದ ಹತ್ತಿರದ ನೀರು ಹೆಚ್ಚಾಗಿ ಹಸಿರು, ಮಬ್ಬು. ಡೈವರ್‌ಗಳು ‘ವಿಸಿಬಿಲಿಟಿ ಇಲ್ಲ’ ಎಂದು ಮುಖ ತಿರುಗಿಸುತ್ತಾರೆ.

ಮಬ್ಬು ಎಂದರೆ ಕೊಳಕು ಎಂದುಕೊಳ್ಳಬಾರದು. ಮುಂಗಾರಿನಲ್ಲಿ ನಮ್ಮ ಕರಾವಳಿಯುದ್ದಕ್ಕೂ ಆಳದ ತಣ್ಣನೆ ನೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಪೋಷಕಾಂಶ ತುಂಬಿರುತ್ತದೆ. ಬಿಸಿಲು ತಾಗಿದ ಕೂಡಲೇ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಕೋಟಿಗಟ್ಟಲೆ ಹುಟ್ಟುತ್ತವೆ. ನೀರನ್ನು ಮಬ್ಬು ಮಾಡುವುದರಲ್ಲಿ ನದಿಗಳ ಹೂಳಿನ ಜೊತೆ ಇವುಗಳ ಪಾಲು ದೊಡ್ಡದು. ಬೂತಾಯಿ, ಬಂಗುಡೆ ಬದುಕುವುದು ಇದರಿಂದಲೇ. ಕನ್ನಡಿಯಂಥ ನೀಲಿ ನೀರಿನಲ್ಲಿ ಈ ಪಾಚಿ ಕಮ್ಮಿ, ಅದಕ್ಕೇ ಅದು ತಿಳಿ. ಅಂದರೆ ಕ್ಯಾಮೆರಾಗೆ ಚೆಂದ ಕಾಣುವ ಕಡಲು ಹೆಚ್ಚಾಗಿ ಊಟಕ್ಕೆ ಬಡವು, ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬುಟ್ಟಿ ಬುಟ್ಟಿ ಬಂಗುಡೆ ಕಳಿಸುವ ಕಡಲು ಕ್ಯಾಮೆರಾಗೆ ಕುರುಡು. ನಮಗೆ ಮಾಲ್ಡೀವ್ಸಿನ ಹವಳ ಬಿಳಿಚಿದರೆ ಸಂಕಟವಾಗುತ್ತದೆ, ಒಳ್ಳೆಯದೇ. ಮಲ್ಪೆಯಲ್ಲಿ ಬೂತಾಯಿ ಸಿಗದ ವರ್ಷ ಬಂದರೆ ನಮಗೆ ಗೊತ್ತಾಗುವುದು ಬೆಲೆಯಲ್ಲಿ ಮಾತ್ರ.

ಈ ಕುರುಡನ್ನು ದಾಟಲು ದಾರಿ ಇಲ್ಲದಿಲ್ಲ. 2025ರ ಮೇ ತಿಂಗಳಲ್ಲಿ, ಅಟೆನ್‌ಬರೊ ಅವರಿಗೆ 99 ತುಂಬಿದ ದಿನ, ಅವರ ‘ಓಷನ್’ ಚಿತ್ರ ತೆರೆಕಂಡಿತು. ಅದರಲ್ಲಿ ಜನರನ್ನು ಹೆಚ್ಚು ಕಲಕಿದ ದೃಶ್ಯ ಚೆಂದದ್ದಲ್ಲ. ಕಡಲ ತಳವನ್ನು ಕೆರೆದುಕೊಂಡು ಹೋಗುವ ಟ್ರಾಲ್ ಬಲೆಯನ್ನು ನೀರಿನೊಳಗಿನಿಂದಲೇ ತೋರಿಸಿದ್ದರು. ಭಾರದ ಸರಪಣಿ ಮುಂದೆ, ಕೆಸರಿನ ಮೋಡ ಹಿಂದೆ, ತಪ್ಪಿಸಿಕೊಳ್ಳಲು ಓಡಿ ಓಡಿ ಸೋತು ಬಲೆಗೆ ಬೀಳುವ ಮೀನುಗಳು. ಮರುತಿಂಗಳೇ ಬ್ರಿಟನ್ ಸರ್ಕಾರ ತಳ ಕೆರೆಯುವ ಬಲೆಗಳ ನಿಷೇಧವನ್ನು ಇನ್ನೂ 41 ಸಂರಕ್ಷಿತ ಕಡಲ ಪ್ರದೇಶಗಳಿಗೆ ವಿಸ್ತರಿಸುವ ಪ್ರಸ್ತಾವ ಮುಂದಿಟ್ಟಿತು.

ಟ್ರಾಲ್ ಬಲೆ ನಮ್ಮ ಕರಾವಳಿಗೂ ಹೊಸದಲ್ಲ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಎರಡನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ. ನಾಡದೋಣಿಯವರು ಅವು ಇನ್ನೂ ನಡೆಯುತ್ತಿವೆ ಎಂದು ಪ್ರತಿಭಟನೆ ಮಾಡುತ್ತಲೇ ಬಂದಿದ್ದಾರೆ. ಅವರ ಮಾತು ಕರಾವಳಿಯ ಪತ್ರಿಕೆಗಳ ಒಳಪುಟ ದಾಟಿ ಬೆಂಗಳೂರಿಗೆ ಮುಟ್ಟುವುದು ಅಪರೂಪ. ಇಲ್ಲಿ ತಿಳಿನೀರಿಗೆ ಕಾಯುವ ಅಗತ್ಯವಿಲ್ಲ. ಗುಜರಾತಿನಲ್ಲಿ ಮೀನುಗಾರರಿಗೆ ಕೊಟ್ಟಂಥ ಒಂದು ಸಣ್ಣ ಕ್ಯಾಮೆರಾ, ಬಲೆಯ ಬಾಯಿಗೆ ಕಟ್ಟಲು ಒಪ್ಪುವ ಒಬ್ಬ ಬೋಟಿನ ಮಾಲೀಕ, ಅರವತ್ತೊಂದು ದಿನದ ಮಳೆಗಾಲದ ರಜೆ ಮುಗಿದು ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗಿಳಿಯುವ ಆ ಮೊದಲ ವಾರ ಸಾಕು. ಬಲೆಯೊಳಗೆ ಬಂಗುಡೆ ಎಷ್ಟು, ಇನ್ನೂ ಬೆಳೆಯದ ಮರಿ ಎಷ್ಟು, ಯಾರೂ ತಿನ್ನದೆ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವುದು ಎಷ್ಟು ಎಂಬುದನ್ನು ಆ ಮಬ್ಬುನೀರಿನಲ್ಲೇ, ನಾಡದೋಣಿಯವರ ದನಿಯಲ್ಲೇ ತೋರಿಸಬಹುದು.